ಹಂದಿಯ ಪಾಲಿನ ಅನ್ನ

ಯಾವುದರಿಂದ ಮನೆಯ ಒಲೆ ಉರಿಯುತ್ತದೆಯೋ ಅದರ ಹೆಸರನ್ನು ಬಾಯಿಬಿಟ್ಟು ಹೇಳಲು ನಾಚುವವರಲ್ಲಿ ನಾವೇ ಮೊದಲಿಗರಲ್ಲ. ಬಡ್ಡಿಗೆ ಸಾಲ ಕೊಡುವವರು ತಮ್ಮದು ಫೈನಾನ್ಸ್ ಎನ್ನುತ್ತಾರೆ. ಕೆರೆ ಮುಚ್ಚಿ ಸೈಟು ಮಾಡಿದವರು ಡೆವಲಪರ್ ಎಂದು ಬೋರ್ಡು ಹಾಕಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹಂದಿಗೆ 'ಫಾರ್ಮ್' ಎಂದು ಹೆಸರು. "ಇವರು ಫಾರ್ಮ್‌ಗೆ ಹೋಗಿದಾರೆ" ಎಂದು ನಿಮ್ಮಮ್ಮ ಶೋಭಾ ಫೋನಿನಲ್ಲಿ ಹೇಳಿದರೆ ಕೇಳಿದವರು ಹಸುವನ್ನೋ ದ್ರಾಕ್ಷಿಯನ್ನೋ ತಮ್ಮ ತಮ್ಮ ರುಚಿಗೆ ತಕ್ಕಂತೆ ಕಲ್ಪಿಸಿಕೊಳ್ಳುತ್ತಾರೆ. ಅವಳ ಗೆಳತಿಯೊಬ್ಬಳು ಹಸುವೆಂದೇ ತಿಳಿದು, "ನಿಮ್ಮ ಫಾರ್ಮ್ ತುಪ್ಪ ಒಂದು ಕೆ.ಜಿ. ಕೊಡ್ರೀ, ಮನೇದು ಅಂದ್ರೆ ನಂಬಿಕೆ" ಎಂದು ಕೇಳಿದಳು. ಶೋಭಾ ಅಂಗಡಿಯಿಂದ ತುಪ್ಪ ತಂದು, ಸ್ಟೀಲ್ ಡಬ್ಬಿಗೆ ಸುರಿದು, ಮೇಲೆ ಒಂದು ಬಾಳೆಲೆ ತುಂಡು ಮುಚ್ಚಿ ಕೊಟ್ಟಳು. ಆ ಗೆಳತಿ ಇವತ್ತಿಗೂ ಅಂಥ ತುಪ್ಪ ಎಲ್ಲೂ ಸಿಗುವುದಿಲ್ಲವೆಂದು ಹೊಗಳುತ್ತಿದ್ದಾಳೆ.

ದೀಕ್ಷಾ, ಚಿರು, ನಿಮ್ಮಜ್ಜಿ ನಾನು ಇದನ್ನು ನಿಮಗೋಸ್ಕರ ಬರೆಯುತ್ತಿದ್ದೇನೆ. ಮೊನ್ನೆ ದೀಕ್ಷಾಳ ಶಾಲೆಯಲ್ಲಿ ಮನೆಯವರ ಉದ್ಯೋಗದ ಬಗ್ಗೆ ಮಾತನಾಡಲು ಹೇಳಿದಾಗ ಅವಳು 'ಹಾಸ್ಪಿಟಾಲಿಟಿ ಮತ್ತು ಅಗ್ರಿ ಬಿಸಿನೆಸ್' ಎಂದಳಂತೆ. ಟೀಚರು ಚಪ್ಪಾಳೆ ತಟ್ಟಿಸಿದರಂತೆ. ಹಾಸ್ಪಿಟಾಲಿಟಿ ಎಂದರೆ ಕುಂದಲಹಳ್ಳಿಯ ನಮ್ಮ ರಾಗಿ ಹೊಲದಲ್ಲಿ ಎದ್ದಿರುವ ಹೆಣ್ಣುಮಕ್ಕಳ ಪಿಜಿ. ಅಗ್ರಿ ಬಿಸಿನೆಸ್ ಎಂದರೆ ಮಾಲೂರಿನ ದಾರಿಯಲ್ಲಿರುವ ಹಂದಿ ಶೆಡ್ಡು. ಈ ಎರಡರ ನಡುವೆ ಒಂದು ನೀಲಿ ಡ್ರಮ್ಮಿದೆ ಎಂಬುದನ್ನು ಯಾರೂ ನಿಮಗೆ ಹೇಳಿಲ್ಲ. ನಾನು ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ಸ್ಲೇಟಿನ ಹಿಂದೆ ಮುಖ ಬಚ್ಚಿಟ್ಟುಕೊಳ್ಳುತ್ತಿದ್ದೆ. ಈಗಲೂ ಕೊರಿಯರ್ ತಂದವರಿಗೆ ಬಾಗಿಲ ಸಂದಿಯಿಂದ ಕೈಯನ್ನಷ್ಟೇ ತೋರಿಸುತ್ತೇನೆ. ಬಾಯಲ್ಲಿ ಹೇಳಲಾಗದ್ದನ್ನು ಬರೆದುಬಿಡುವುದು ನನ್ನಂಥವರಿಗೆ ಸುಲಭ. ಎದುರಿಗೆ ಯಾರೂ ಕೂತು ನೋಡುವುದಿಲ್ಲವಲ್ಲ.

ನಾನು ಈ ಊರಿಗೆ ಸೊಸೆಯಾಗಿ ಬಂದಾಗಲೂ ಹಂದಿಗಳಿದ್ದವು. ಆದರೆ ಅವು ಯಾರ ಮನೆಯಲ್ಲೂ ಇರಲಿಲ್ಲ, ಎಲ್ಲರ ಮನೆಯ ಹಿಂದೆಯೂ ಇದ್ದವು. ಊರ ಕೊನೆಯ ಮುನಿಯಪ್ಪ ಅವುಗಳ ಮಾಲೀಕ. ಶೆಡ್ಡಿಲ್ಲ, ಮೇವಿಲ್ಲ, ಆಳಿಲ್ಲ. ಬೆಳಗಾದರೆ ಹಂದಿಗಳು ತಾವೇ ಎದ್ದು ಊರಿನ ಚರಂಡಿ, ತಿಪ್ಪೆ, ಗೆಣಸಿನ ಹೊಲ ಸುತ್ತಿ ಸಂಜೆಗೆ ದಪ್ಪಗಾಗಿ ಬರುತ್ತಿದ್ದವು. ನಮ್ಮ ಮಾವನವರು ಕೋಲು ಹಿಡಿದು ಹೋಗಿ, "ಗೆಣಸೆಲ್ಲಾ ಕಿತ್ತಾಕವೆ, ನಿನ್ನ ಅಂದಿ ಕಟ್ಟಾಕ್ಕೊಳೋ" ಎಂದರೆ ಮುನಿಯಪ್ಪ, "ಅದು ನಂದಲ್ಲ ಗೌಡ್ರೇ, ಪಕ್ಕದೂರ್ದು" ಎನ್ನುತ್ತಿದ್ದ. ಅದೇ ಹಂದಿ ಲಾರಿಗೆ ಸಿಕ್ಕಿ ಸತ್ತರೆ ಮಾತ್ರ ಅದರ ಕಿವಿಯ ಗುರುತು ತೋರಿಸಿ, ಲಾರಿಗೆ ಅಡ್ಡ ಮಲಗಿ ಅಳುತ್ತಿದ್ದ. ಅವನನ್ನು ಬೈಯುತ್ತಿದ್ದ ನಮ್ಮ ಮಾವನವರ ಎತ್ತುಗಳು ಪಕ್ಕದ ಹೊಲ ಮೇಯ್ದ ದಿನ ಅವೂ ಪಕ್ಕದೂರಿನವೇ ಆಗಿಬಿಡುತ್ತಿದ್ದವು ಎಂಬುದನ್ನೂ ಹೇಳಬೇಕು. ನಿಮ್ಮಪ್ಪ ಮಂಜು ಈ ಪದ್ಧತಿಗೆ 'ಝೀರೋ ಇನ್ವೆಸ್ಟ್‌ಮೆಂಟ್ ಮಾಡೆಲ್' ಎನ್ನುತ್ತಾನೆ. ಊರೆಲ್ಲಾ ಖರ್ಚು ಮಾಡುವುದು, ಒಬ್ಬ ಮಾರಿಕೊಳ್ಳುವುದು. ಈಗ ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳಲ್ಲಿ ಇದನ್ನೇ ಟೈ ಕಟ್ಟಿಕೊಂಡು ಮಾಡುತ್ತಾರೆಂದು ಕೇಳಿದ್ದೇನೆ.

ಊರಿಗೆ ರಸ್ತೆ ಬಂತು, ಅಪಾರ್ಟ್‌ಮೆಂಟು ಬಂತು, ಮುನಿಯಪ್ಪ ಹೋದ, ಅವನ ಹಂದಿಗಳೂ ಹೋದವು. ನಮ್ಮ ಹೊಲದಲ್ಲಿ ಪಿಜಿ ಎದ್ದಿತು. ಅದರ ಹಿಂದೆಯೇ ಡ್ರಮ್ ವೆಂಕಟೇಶ ಬಂದ. ಇವನು ಮಾರತ್ತಹಳ್ಳಿಯಿಂದ ಇಲ್ಲಿಯವರೆಗೆ ಹೋಟೆಲು, ಪಿಜಿಗಳ ಉಳಿದ ಅನ್ನ-ಸಾರನ್ನು ಡ್ರಮ್ಮಿನಲ್ಲಿ ತುಂಬಿಕೊಂಡು ಹೋಗಿ ತನ್ನ ಹಂದಿಗಳಿಗೆ ಹಾಕುವವನು. ಮೊದಮೊದಲು ನಾವೇ ಅವನಿಗೆ ದುಡ್ಡು ಕೊಟ್ಟು ಎಂಜಲು ಸಾಗಿಸುತ್ತಿದ್ದೆವು. ಆಮೇಲೆ ಅವನಂಥವರು ಹೆಚ್ಚಾದರು. ಎಂಜಲಿಗೆ ಪೈಪೋಟಿ ಹತ್ತಿತು. ಕೊಡುತ್ತಿದ್ದುದನ್ನು ನಾವು ನಿಲ್ಲಿಸಿದೆವು. ಕೊನೆಗೆ ಅವನೇ ನಮಗೆ ಕೊಡತೊಡಗಿದ. ಜಗತ್ತಿನಲ್ಲಿ ಜನ ಬಿಟ್ಟು ಎದ್ದ ಅನ್ನಕ್ಕೂ ರೇಟು ಬಂದದ್ದನ್ನು ನೋಡಿ ನನಗೆ ಹೇಸಿಗೆಯಾಯಿತು. ಮಂಜುವಿಗೆ ನಿದ್ದೆ ಹಾರಿಹೋಯಿತು.

"ಅಮ್ಮಾ, ಅವನು ನಮಗೇ ದುಡ್ಡು ಕೊಡ್ತಾನೆ ಅಂದ್ರೆ ಅವನಿಗೆಷ್ಟು ಉಳೀತಿರಬೇಕು ಯೋಚನೆ ಮಾಡು" ಎಂದ.

"ಅವನಿಗೆ ಉಳಿಯೋದು ವಾಸನೆ ಕಣೋ. ಅವನು ಪಕ್ಕದಲ್ಲಿ ಬಂದ್ರೆ ನೀನೇ ಮೂಗು ಮುಚ್ಕೊತೀಯ."

"ನಿಂಗೆ ಗೊತ್ತಾಗಲ್ಲ ಬಿಡಮ್ಮ" ಎಂದವನೇ, ನಿಮ್ಮ ತಾತ ಕೊಂಡಿಟ್ಟಿದ್ದ ಮಾಲೂರು ಕಡೆಯ ಜಮೀನಿನಲ್ಲಿ ಶೆಡ್ಡು ಎಬ್ಬಿಸಿಯೇಬಿಟ್ಟ.

ಶೆಡ್ಡೆಂದರೆ ಅಂಥಿಂಥದ್ದಲ್ಲ. ಕಾಂಕ್ರೀಟು ನೆಲ, ಮೂತಿಯಿಂದ ಒತ್ತಿದರೆ ನೀರು ಬರುವ ನಲ್ಲಿ, ಬೇಸಿಗೆಗೆ ಫ್ಯಾನು. ಅದರೊಳಗೆ ಬೆಳ್ಳಗೆ, ಗುಲಾಬಿ ಬಣ್ಣಕ್ಕಿದ್ದ ಸೀಮೆ ಹಂದಿಗಳು. ಇವಕ್ಕೆ ಕಂಪನಿಯ ಫೀಡನ್ನೇ ಹಾಕಬೇಕು, ಎಂಜಲು ಮುಟ್ಟಿಸಬಾರದು ಎಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರಂತೆ. ಹಂದಿ ಫೀಡು ತಿಂದಿತು. ಫೀಡು ಲಾಭವನ್ನು ತಿಂದಿತು. ಆಗ ಒಬ್ಬರು ಬಂದು, "ಮರಿ ನಮ್ಮದು, ಫೀಡು ನಮ್ಮದು, ಡಾಕ್ಟರು ನಮ್ಮವರು, ಬೆಳೆದ ಮೇಲೆ ನಾವೇ ಒಯ್ಯುತ್ತೇವೆ, ಸಾಕಿದ್ದಕ್ಕೆ ನಿಮಗೆ ಕೂಲಿ" ಎಂದು ಒಪ್ಪಂದದ ಮಾತಾಡಿದರು. ಮಂಜು ಒಂದು ಸಲ ಅದನ್ನೂ ಮಾಡಿ ನೋಡಿದ. ಜಮೀನು ನಮ್ಮದು, ಶೆಡ್ಡು ನಮ್ಮದು, ನೀರು, ಕರೆಂಟು, ವಾಸನೆ, ಪಕ್ಕದ ಜಮೀನಿನವರ ಬೈಗುಳ ಪೂರ್ತಿ ನಮ್ಮದು. ಹಂದಿ ಮಾತ್ರ ಅವರದು. ಮಾಲೀಕನಾಗಲು ಹೋದವನು ತನ್ನ ಜಮೀನಿನಲ್ಲೇ ಹಂದಿಗಳ ಆಯಾ ಆಗಿ ಬಂದ.

ಈ ಸುದ್ದಿ ಕೇಳಿದ ವೆಂಕಟೇಶ ಡ್ರಮ್ಮು ಎತ್ತುತ್ತಾ ನನ್ನ ಹತ್ತಿರ, "ಅಕ್ಕಾ, ನಿಮ್ಮ ಮಗ ಹಂದೀನ ಏಸಿ ರೂಮಲ್ಲಿ ಮಲಗಿಸಿದ್ರೂ ಅದು ಕೇಳೋದು ಮೆನು ಅಲ್ಲ, ಹೊಟ್ಟೆ ತುಂಬಾ ಊಟ" ಎಂದ. ಅವನೇನೂ ಮಹಾ ಬುದ್ಧಿವಂತನಲ್ಲ. ಯಾವುದೋ ದೊಡ್ಡ ಆಫೀಸಿನ ಕ್ಯಾಂಟೀನಿನ ಎಂಜಲನ್ನೆಲ್ಲಾ ಗುತ್ತಿಗೆ ಹಿಡಿಯುತ್ತೇನೆಂದು ಇದ್ದಬದ್ದ ಹಣ ಸುರಿದು ಮರಿ ತಂದ. ಅವು ತಿನ್ನುವ ವಯಸ್ಸಿಗೆ ಬರುವ ಹೊತ್ತಿಗೆ ಆ ಆಫೀಸಿನವರು ಎಂಜಲನ್ನು ಗೊಬ್ಬರ ಮಾಡುವ ಮೆಷಿನ್ನು ಕೂರಿಸಿದ್ದರು. ಆದರೂ ಅವನ ಮಾತು ಮಂಜುವಿಗೆ ನಾಟಿತು. ಮಾರನೆಯ ವಾರದಿಂದ ನಮ್ಮ ಪಿಜಿಯ ಡ್ರಮ್ಮು ವೆಂಕಟೇಶನ ಗಾಡಿ ಹತ್ತಲಿಲ್ಲ, ನಮ್ಮದೇ ಗಾಡಿ ಹತ್ತಿತು. ಶೆಡ್ಡಿನಲ್ಲಿ ಹಂಡೆ ಇಟ್ಟು, ನಿಂಬೆ ಸಿಪ್ಪೆ, ಟಿಶ್ಯೂ ಪೇಪರು, ಚಮಚಗಳನ್ನು ಆರಿಸಿ ತೆಗೆದು, ಚೆನ್ನಾಗಿ ಕುದಿಸಿ ಹಂದಿಗೆ ಹಾಕುವುದು ಶುರುವಾಯಿತು. ಹಂದಿಗಳು ವಿಡಿಯೋ ನೋಡಿರಲಿಲ್ಲವಾದ್ದರಿಂದ ಖುಷಿಯಾಗಿ ತಿಂದವು.

ಈಗ ಇದರ ಒಳಗುಟ್ಟು ಹೇಳುತ್ತೇನೆ. ನಮ್ಮ ಪಿಜಿಯ ಅಡುಗೆಯವಳು ರತ್ನಮ್ಮ. ಅವಳು ತುಂಬಾ ಒಳ್ಳೆಯ ಹೆಂಗಸು, ಅಡುಗೆ ಒಂದು ಬಿಟ್ಟು. ಅವಳ ಸಾಂಬಾರಿನಲ್ಲಿ ಬೇಳೆ ಒಂದು ಕಡೆ, ನೀರು ಒಂದು ಕಡೆ ನಿಂತು ಒಂದನ್ನೊಂದು ನೋಡುತ್ತಿರುತ್ತಿದ್ದವು. ಅವಳ ಉಪ್ಪಿಟ್ಟನ್ನು ತಟ್ಟೆ ತಲೆಕೆಳಗು ಮಾಡಿದರೂ ಬೀಳುತ್ತಿರಲಿಲ್ಲ. ಹುಡುಗಿಯರು ಮೂರು ತುತ್ತು ತಿಂದು, ಉಳಿದದ್ದನ್ನು ಡ್ರಮ್ಮಿಗೆ ಸುರಿದು, ಮೊಬೈಲಿನಲ್ಲಿ ಇನ್ನೇನೋ ತರಿಸಿಕೊಳ್ಳುತ್ತಿದ್ದರು. ಊಟದ ದುಡ್ಡು ಬಾಡಿಗೆಯಲ್ಲೇ ಸೇರಿರುತ್ತದೆ. ಅಂದರೆ ಹುಡುಗಿಯರು ಕಾಸು ಕೊಟ್ಟು ಕೊಂಡದ್ದನ್ನು ಹಂದಿಗಳು ತಿನ್ನುತ್ತಿದ್ದವು, ಹಂದಿಗಳನ್ನು ನಾವು ಮಾರುತ್ತಿದ್ದೆವು. ಒಂದೇ ಅನ್ನಕ್ಕೆ ಎರಡು ಕಡೆ ದುಡ್ಡು. ಎಷ್ಟೋ ಬಗೆಯ ಹಂದಿ ಸಾಕಣೆಯಲ್ಲಿ ನಿಮ್ಮಪ್ಪನಿಗೆ ಕೈ ಹಿಡಿದದ್ದು ಇದೊಂದೇ, ಮತ್ತು ಇದರ ಆಧಾರ ರತ್ನಮ್ಮನ ಕೆಟ್ಟ ಅಡುಗೆ. ದೀಪಾವಳಿಗೆ ಅವಳಿಗೆ ಅವನು ರೇಷ್ಮೆ ಸೀರೆ ಕೊಟ್ಟದ್ದನ್ನು ಕಂಡು, ನನ್ನ ಮಗ ಎಷ್ಟು ದೊಡ್ಡ ಮನಸ್ಸಿನವನೆಂದು ನಾನು ಕಣ್ಣೀರು ಹಾಕಿದ್ದೆ.

ಹೀಗಿರುವಾಗ ರತ್ನಮ್ಮ ಮಗಳ ಬಾಣಂತನಕ್ಕೆಂದು ಊರಿಗೆ ಹೋದಳು. ಬೇರೆ ಅಡುಗೆಯವರು ಸಿಗಲಿಲ್ಲ. ನಿಮ್ಮ ತಾತ ಹೋದ ಮೇಲೆ ನನ್ನನ್ನು ಮಹಡಿಯ ಕೋಣೆಗೆ ಸಾಗಿಸಿ, ಟಿವಿ ಹಾಕಿಕೊಟ್ಟು, "ನೀನಿನ್ನು ಆರಾಮಾಗಿರಮ್ಮ" ಎಂದಿದ್ದರು. ಆರಾಮಾಗಿರುವುದು ಎಷ್ಟು ಕಷ್ಟದ ಕೆಲಸ ಎಂಬುದು ನಿಮಗೆ ಈಗ ತಿಳಿಯುವುದಿಲ್ಲ. ಸೀರಿಯಲ್ಲಿನ ಅತ್ತೆಯಂದಿರಿಗಾದರೂ ಮಾಡಲು ಏನೋ ಪಿತೂರಿ ಇರುತ್ತದೆ, ನನಗೆ ಅದೂ ಇರಲಿಲ್ಲ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, "ನಾನೇ ಮಾಡ್ತೀನಿ" ಎಂದೆ. ಅಷ್ಟು ಗಟ್ಟಿಯಾಗಿ ನಾನು ಮದುವೆಯ ಮಂಟಪದಲ್ಲೂ ಮಾತನಾಡಿರಲಿಲ್ಲ.

ಮೊದಲ ದಿನ ಹೆಸರುಕಾಳಿನ ಉಪ್ಸಾರು, ಪಲ್ಯ, ಮುದ್ದೆ, ಅನ್ನ ಮಾಡಿದೆ. ಹುಡುಗಿಯರು ಮುದ್ದೆಯನ್ನು ಸುತ್ತಿ ಸುತ್ತಿ ನೋಡಿದರು, ಒಬ್ಬಳು ಅದರ ಜೊತೆ ಫೋಟೋ ತೆಗೆಸಿಕೊಂಡಳು, ಯಾರೂ ಮುಟ್ಟಲಿಲ್ಲ. ಸರಿ, ಮಾರನೆಯ ದಿನದಿಂದ ಮುದ್ದೆ ಬಿಟ್ಟು ಬರೀ ಅನ್ನ, ಸಾರು, ಪಲ್ಯ. ಏನು ಹೇಳಲಿ, ಪಾತ್ರೆಗಳು ತೊಳೆದಿಟ್ಟ ಹಾಗೆ ಖಾಲಿಯಾದವು. ಹುಬ್ಬಳ್ಳಿಯ ಸವಿತಾ ಎಂಬ ಹುಡುಗಿ ಸೌಟಿನಿಂದ ಪಾತ್ರೆಯ ತಳ ಕೆರೆಯುತ್ತಾ, "ಭಾರಿ ಆಗೇತ್ರಿ ಅಜ್ಜಿ ಸಾರು, ಇನ್ನ ಐತೇನ್ರಿ?" ಎಂದಳು. ಇಲ್ಲವೆಂದು ಹೇಳುವಾಗ ನನಗಾದ ಸಂತೋಷವನ್ನು ನಿಮಗೆ ಹೇಗೆ ವಿವರಿಸಲಿ. ಸಂಸಾರ ಮಾಡಿದ ಅಷ್ಟೂ ವರ್ಷ ನಿಮ್ಮ ತಾತ ನನ್ನ ಅಡುಗೆಯ ಬಗ್ಗೆ ಹೇಳಿದ ಅತಿ ದೊಡ್ಡ ಮೆಚ್ಚುಗೆಯ ಮಾತೆಂದರೆ "ಹ್ಞೂಂ." ಅದೂ ಕೇಳಿದರೆ. ಇಲ್ಲಿ ನೋಡಿದರೆ ಇಂಗ್ಲಿಷ್ ಮಾತಾಡುವ, ಕಂಪ್ಯೂಟರಿನ ಮುಂದೆ ಕೂರುವ ಹುಡುಗಿಯರು ನನ್ನ ಪಾತ್ರೆಯ ತಳ ಕೆರೆಯುತ್ತಿದ್ದಾರೆ. ನಾನು ಬಾಗಿಲ ಸಂದಿ ಬಿಟ್ಟು ಹೊರಗೆ ಬಂದು ನಿಂತು ಬಡಿಸತೊಡಗಿದೆ. ಒಬ್ಬೊಬ್ಬರ ಹೆಸರೂ ಕಲಿತೆ. ಅಡುಗೆಮನೆಯ ಕನ್ನಡಿಯಲ್ಲಿ ಒಮ್ಮೆ ನನ್ನನ್ನೇ ನೋಡಿಕೊಂಡು ನಕ್ಕೆ ಎಂಬುದನ್ನು ಯಾರಿಗೂ ಹೇಳಬೇಡಿ.

ಇತ್ತ ಶೆಡ್ಡಿನಲ್ಲಿ ಹಂದಿಗಳು ಕೂಗಲು ಶುರುಮಾಡಿದ್ದವು. ಡ್ರಮ್ಮಿನ ತಳದಲ್ಲಿ ಕರಿಬೇವಿನ ಎಲೆ, ನುಗ್ಗೆಕಾಯಿಯ ನಾರು ಬಿಟ್ಟರೆ ಏನೂ ಹೋಗುತ್ತಿರಲಿಲ್ಲ. ಮಂಜು ಮತ್ತೆ ಫೀಡು ಕೊಳ್ಳಬೇಕಾಯಿತು. ಒಂದು ಸಂಜೆ ನೇರವಾಗಿ ಅಡುಗೆಮನೆಗೇ ಬಂದ.

"ಅಮ್ಮಾ, ನೀನು ಇಷ್ಟು ಚೆನ್ನಾಗಿ ಮಾಡಿದ್ರೆ ಹಂದಿಗಳು ಏನು ತಿನ್ನಬೇಕು?"

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. "ಹುಡುಗೀರು ಊಟ ಮಾಡ್ತಿರೋದು ನಿಂಗೆ ತಪ್ಪಾಗಿ ಕಾಣುತ್ತೇನೋ?"

"ತಪ್ಪು ಅಂತಲ್ಲ. ಆದ್ರೂ ಒಂಚೂರು ಸುಮಾರಾಗಿ ಮಾಡು. ಮನೆ ಹಂಗೆ ಮಾಡ್ಬೇಡ, ಪಿಜಿ ಹಂಗೆ ಮಾಡು."

"ಉಪ್ಪು ಜಾಸ್ತಿ ಹಾಕ್ಲಾ ಹಂಗಾದ್ರೆ?"

"ಬೇಡ ಬೇಡ! ಉಪ್ಪು ಜಾಸ್ತಿಯಾದ್ರೆ ಹಂದಿಗೆ ಆಗ್ಬರಲ್ಲ" ಎಂದ, ಗಾಬರಿಯಿಂದ. ಹೆತ್ತ ಮಗ ನನ್ನ ಅಡುಗೆಯ ಉಪ್ಪಿನ ಬಗ್ಗೆ ಇಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ಆಮೇಲೆ ಮೆಲ್ಲಗೆ, "ರತ್ನಮ್ಮಂಗೆ ಫೋನ್ ಮಾಡಿದ್ದೆ. ಈ ತಿಂಗಳು ನೋಡಿ, ಡ್ರಮ್ಮು ತುಂಬ್ಲಿಲ್ಲ ಅಂದ್ರೆ ಕರೆಸಿಬಿಡ್ತೀನಿ. ನೀನೂ ಆರಾಮಾಗಿರ್ಬಹುದು" ಎಂದ.

ಆ ಅಡುಗೆಮನೆ ನನಗೆ ಬೇಕಾಗಿತ್ತು. ಮತ್ತೆ ಮಹಡಿಯ ಮೇಲೆ ಕೂತು ಸೀರಿಯಲ್ಲಿನವರ ಪಿತೂರಿ ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ಹಾಗೆಂದು ಬೇಕೆಂದೇ ಅಡುಗೆ ಕೆಡಿಸುವುದಕ್ಕೂ ಕೈ ಬರಲಿಲ್ಲ. ಒಂದು ದಿನ ಗಟ್ಟಿ ಮನಸ್ಸು ಮಾಡಿ ಒಗ್ಗರಣೆ ಸೀಯಿಸಿದೆ. ಅದನ್ನೂ ತಿಂದು ಮುಗಿಸಿದರು. ಬೇಳೆ ಬೇಯಿಸದೆ ಬಿಟ್ಟೆ. ಅದನ್ನೂ ಅಗಿದು ನುಂಗಿದರು. ನನ್ನ ಕೈರುಚಿ ನಾನೇ ಕೆಡಿಸಲು ಹೋದರೂ ಕೆಡುವಂಥದ್ದಲ್ಲ ಎಂದು ಭಯದ ನಡುವೆಯೂ ನನಗೆ ಹೆಮ್ಮೆಯಾಯಿತು.

ಅದೇ ವಾರ ಒಂದು ದಿನ, ಹುಡುಗಿಯರ ಊಟ ಮುಗಿದ ಮೇಲೆ ಕೊತ್ತಂಬರಿ ಸೊಪ್ಪು ತರಲು ಗೇಟಿನಾಚೆ ಹೋದೆ. ನಮ್ಮ ಬೀದಿಯ ತಿರುವಿನಲ್ಲಿ ಒಂದು ಗೋಬಿ, ಎಗ್ ರೈಸಿನ ಗಾಡಿ ನಿಲ್ಲುತ್ತದೆ. ಅಲ್ಲಿ ಜಾತ್ರೆಯಂತೆ ಜನ. ಹತ್ತಿರ ಹೋಗಿ ನೋಡಿದರೆ ಎಲ್ಲಾ ನಮ್ಮ ಪಿಜಿಯ ಹುಡುಗಿಯರು. ಸವಿತಾ ಕೈಯಲ್ಲಿ ಫ್ರೈಡ್ ರೈಸಿನ ತಟ್ಟೆ ಹಿಡಿದು, ಬಾಯಿ ತುಂಬಾ ತುಂಬಿಕೊಂಡು, ನನ್ನನ್ನು ಕಂಡು ಹಾಗೇ ನಿಂತುಬಿಟ್ಟಳು. ಗಾಡಿಯವನು ಮಾತ್ರ ಬಾಣಲೆ ಬಿಟ್ಟು ಬಂದು ನನಗೆ ಕೈ ಮುಗಿದ.

"ಅಜ್ಜಿ, ನೀವು ಅಡುಗೆಗೆ ನಿಂತ ಮೇಲೆ ನಮ್ಮ ವ್ಯಾಪಾರ ಸಕ್ಕತ್ತಾಗಿದೆ. ಇನ್ನೊಂದು ಸ್ಟವ್ ತಗೊಂಡೆ. ನಿಮ್ಮ ಆಶೀರ್ವಾದ!"

ನಾನು ಸವಿತಾಳ ಮುಖ ನೋಡಿದೆ. "ಯಾಕಮ್ಮಾ, ಸಾರು ಚೆನ್ನಾಗಿರಲಿಲ್ವಾ?"

"ಅಯ್ಯ, ರುಚಿ ಇತ್ರಿ ಅಜ್ಜಿ, ಸುಳ್ಳ್ಯಾಕ ಹೇಳ್ಲಿ" ಎಂದು ಅವಳು ತುತ್ತು ನುಂಗಿ, ಗೆಳತಿಯರನ್ನು ನೋಡಿ, ಧೈರ್ಯ ಮಾಡಿದಳು. "ಆದ್ರ ಸಾಲಂಗಿಲ್ರಿ. ಕಡೀಕ ಬಂದವ್ರಿಗೆ ಅನ್ನನ ಇರಂಗಿಲ್ಲ. ನೀವು ಹೊರಗ ನಿಂತು ಅಷ್ಟ್ ಪ್ರೀತಿಲೆ ಬಡಸ್ತೀರಿ, ಹೆಂಗ ಕೇಳೂದ್ರಿ ಮತ್ತ?"

ಕೊತ್ತಂಬರಿ ಕೊಳ್ಳುವುದನ್ನು ಮರೆತು ವಾಪಸ್ಸು ಬಂದೆ. ದಾರಿಯಲ್ಲೇ ಹೊಳೆಯಿತು. ನಮ್ಮ ಕಡೆ ಹೊಟ್ಟೆ ತುಂಬುವುದು ಮುದ್ದೆಯಿಂದ. ಅನ್ನವೆಂದರೆ ಮುದ್ದೆಯ ಮೇಲೆ ಬಾಯಿ ರುಚಿಗೆ ಒಂದು ಹಿಡಿ. ಹುಟ್ಟಿದಾಗಿನಿಂದ ನನ್ನ ಕೈ ಅಕ್ಕಿ ಅಳೆದದ್ದು ಆ ಲೆಕ್ಕದಲ್ಲೇ. ಪಿಜಿಯಲ್ಲಿ ಮುದ್ದೆಯನ್ನು ಬಿಟ್ಟೆ. ಕೈಯ ಅಳತೆಯನ್ನು ಬಿಡಲಿಲ್ಲ. ಮುದ್ದೆ ತಿಂದೆದ್ದವರಿಗೆ ಹಾಕುವಷ್ಟು ಅನ್ನವನ್ನು ಆ ಮಕ್ಕಳಿಗೆ ಹಾಕಿ, ಅವರು ಹಸಿವಿನಿಂದ ಪಾತ್ರೆ ಕೆರೆದದ್ದನ್ನು ನೋಡಿ, ಕನ್ನಡಿಯಲ್ಲಿ ನಗುತ್ತಿದ್ದೆ. ಸೀದ ಒಗ್ಗರಣೆಯನ್ನು ಅವರು ತಿಂದದ್ದು ಕೈರುಚಿಗಲ್ಲ. ಅಷ್ಟು ದಿನ ಶೆಡ್ಡಿನಲ್ಲಿ ಹಂದಿಗಳು, ಪಿಜಿಯಲ್ಲಿ ಹುಡುಗಿಯರು, ಎರಡೂ ಕಡೆ ಹಸಿದಿದ್ದರು. ಅಜ್ಜಿಯ ಹೊಟ್ಟೆ ಮಾತ್ರ ಹೊಗಳಿಕೆಯಿಂದ ತುಂಬಿತ್ತು.

ಮಾರನೆಯ ದಿನ ಅಕ್ಕಿಯನ್ನು ದುಪ್ಪಟ್ಟು ಹಾಕಿದೆ. ತಪ್ಪಿನ ಅರಿವಿನಲ್ಲಿ ಕೈ ಇನ್ನೂ ಸ್ವಲ್ಪ ಜಾಸ್ತಿಯೇ ಸುರಿಯಿತು. ಹುಡುಗಿಯರು ಹೊಟ್ಟೆ ತುಂಬಾ ತಿಂದರು, ತೇಗಿದರು, ಉಳಿಸಿ ಎದ್ದರು. ಡ್ರಮ್ಮು ಮುಕ್ಕಾಲು ತುಂಬಿತು. ಅದರ ಮಾರನೆಯ ದಿನವೂ ತುಂಬಿತು. ವಾರ ಕಳೆಯುವಷ್ಟರಲ್ಲಿ ಮಂಜು ಗಾಡಿಗೆ ಡ್ರಮ್ಮು ಏರಿಸಿ, ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಗೆ ಬಂದ. ಮುಖ ಹಬ್ಬದ ದಿನದಂತೆ ಬೆಳಗುತ್ತಿತ್ತು.

"ಅಮ್ಮಾ, ಸೂಪರ್! ಕೊನೆಗೂ ನಿನ್ನ ಅಡುಗೆನೂ ಕೆಟ್ಟಿತು ನೋಡು. ಹುಡುಗೀರು ಅರ್ಧಕ್ಕರ್ಧ ಬಿಡ್ತಿದಾರೆ. ರತ್ನಮ್ಮ ಬೇಡ ಬಿಡು, ಇನ್ಮೇಲೆ ನೀನೇ ಮಾಡು."

ಹಿಂದೆಯೇ ಬಂದ ಶೋಭಾ ಅಕ್ಕಿ ಚೀಲ ಅಲ್ಲಾಡಿಸಿ ನೋಡಿ, "ಅತ್ತೆ, ಅಕ್ಕಿ ಯಾಕೋ ಬೇಗ ಖಾಲಿಯಾಗ್ತಿದೆ" ಎಂದಳು. ಅಕ್ಕಿ ಪಿಜಿಯ ಖರ್ಚು, ಅದು ಅವಳ ಕೈಲಿ. ಹಂದಿ ಫಾರ್ಮಿನ ಲಾಭ, ಅದು ಇವನ ಕೈಲಿ. ಗಂಡ ಹೆಂಡತಿ ಒಂದೇ ಮಂಚದಲ್ಲಿ ಮಲಗಿದರೂ ಇವೆರಡು ಲೆಕ್ಕಗಳು ಒಂದನ್ನೊಂದು ಮಾತನಾಡಿಸುವುದಿಲ್ಲ. ಇವನು ಹಂದಿಗೆ ಮೇವು ಪುಕ್ಕಟೆ ಸಿಗುತ್ತಿದೆ ಎಂದು ಕುಣಿಯುತ್ತಾನೆ. ಅವಳು ದಿನಸಿ ತುಟ್ಟಿಯಾಯಿತೆಂದು ಬಾಡಿಗೆ ಏರಿಸುತ್ತಾಳೆ. ಹುಡುಗಿಯರು ಗೊಣಗುತ್ತಾ ಕೊಡುತ್ತಾರೆ. ಹಂದಿ ಸಾಕಣೆಯಲ್ಲಿ ಎಷ್ಟೇ ಪದ್ಧತಿಗಳಿರಲಿ, ಲಾಭ ಬರಬೇಕಾದರೆ ಮೇವಿನ ದುಡ್ಡನ್ನು ಹಂದಿಯನ್ನು ಎಂದೂ ನೋಡದ ಯಾರೋ ಕೊಡುತ್ತಿರಬೇಕು. ಮುನಿಯಪ್ಪನ ಕಾಲದಲ್ಲಿ ನಮ್ಮ ಗೆಣಸಿನ ಹೊಲ ಕೊಡುತ್ತಿತ್ತು. ಈಗ ಹುಬ್ಬಳ್ಳಿಯ ಸವಿತಾ ಕೊಡುತ್ತಿದ್ದಾಳೆ.

ಇದನ್ನೆಲ್ಲಾ ಮಂಜುವಿಗೆ ಹೇಳಬೇಕೆಂದು ಬಾಯಿ ತೆರೆದೆ. ಅಡುಗೆ ಕೆಟ್ಟಿಲ್ಲ ಕಣೋ, ಅಕ್ಕಿ ಹೆಚ್ಚಾಗಿದೆ ಎಂದರೆ ಅಕ್ಕಿ ಕಡಿಮೆ ಮಾಡು ಎನ್ನುತ್ತಾಳೆ ಸೊಸೆ. ಕಡಿಮೆ ಮಾಡಿದರೆ ಡ್ರಮ್ಮು ಒಣಗಿ ರತ್ನಮ್ಮ ಬರುತ್ತಾಳೆ. ಅದಲ್ಲದೆ, ಮೊದಲು ಚೆನ್ನಾಗಿತ್ತು ಎನ್ನಿಸಿದ್ದೂ ಹಸಿವಿನಿಂದಲೇ ಎಂಬ ವಿಷಯ ಹೊರಗೆ ಬರುತ್ತದೆ. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ವಯಸ್ಸಾಯ್ತಲ್ಲಪ್ಪಾ, ಕೈ ರುಚಿ ಮೊದಲಿನ ಹಾಗೆ ಎಲ್ಲಿರುತ್ತೆ" ಎಂದುಬಿಟ್ಟೆ.

ಈಗ ಅಡುಗೆಮನೆ ನನ್ನದೇ. ಮುಂಬರುವ ದೀಪಾವಳಿಗೆ ನನಗೂ ಒಂದು ರೇಷ್ಮೆ ಸೀರೆ ಬರುವ ಸೂಚನೆಗಳಿವೆ. ಒಂದೇ ಒಂದು ಕಿರಿಕಿರಿ ಉಳಿದಿದೆ. ಭಾನುವಾರ ನೀವಿಬ್ಬರೂ ನನ್ನ ಹತ್ತಿರ ಊಟಕ್ಕೆ ಬಂದಾಗ ನಿಮ್ಮ ತಟ್ಟೆಗೆ ಹಿಡಿಯಷ್ಟೇ ಅನ್ನ ಹಾಕುತ್ತೇನೆ, ಆದರೂ ನೀವು ಅರ್ಧ ಬಿಟ್ಟು ಏಳುತ್ತೀರಿ. ಯಾಕೆಂದು ನಾನು ಇದುವರೆಗೆ ಕೇಳಿಲ್ಲ. ನೀವಾಗಿಯೇ ಹೇಳಲೂ ಬರಬೇಡಿ.